ಹರಾಜಿಗೆ ಬಂದ ಹುಂಜ

"ಎರಡ್ ರೂಪಾಯಿ," ಎಂದು ಕೂಗಿ ಕುಷ್ಟ ಕೈಕಟ್ಟಿ ನಿಂತ. ಇನ್ನು ಯಾರೂ ಬಾಯಿ ತೆರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೋಳಿಪಡೆಯಲ್ಲಿ, ಅಂದರೆ ಹುಂಜಗಳ ಕಾಳಗದ ಜೂಜಿನಲ್ಲಿ, ಪೊಲೀಸರ ಕೈಗೆ ಸಿಕ್ಕ ಹುಂಜಗಳನ್ನು ಕುಂದಾಪುರದ ಕೋರ್ಟಿನಂಗಳದಲ್ಲಿ ಹರಾಜು ಹಾಕುವಾಗ, ಯಾರ ಹುಂಜವೋ ಅವನ ಕೂಗಿನ ಮೇಲೆ ಇನ್ನೊಬ್ಬ ಹೆಚ್ಚು ಕೂಗಬಾರದು. ಅದು ಪಡೆಯವರೇ ಮಾಡಿಕೊಂಡ ಕಟ್ಟುಪಾಡು. ಕೋಡಿ ಕಡವಿನಲ್ಲಿ ದೋಣಿ ನಡೆಸುವ ಕುಷ್ಟ ಬೆಳಿಗ್ಗೆಯೇ ತಪ್ಪೊಪ್ಪಿಕೊಂಡು ದಂಡ ಕಟ್ಟಿಯಾಗಿತ್ತು. ಹುಂಜ ಬಿಡಿಸಿಕೊಂಡರೆ ಬರುವ ಆದಿತ್ಯವಾರ ಬಸ್ರೂರಿನ ಪಡೆಗೆ ಹೋಗಬಹುದು. ಕೋಳಿಯ ಕಾಲಿಗೆ ಕಟ್ಟುವ ಬಾಳು ಎಂಬ ಸಣ್ಣ ಕತ್ತಿಯೊಂದು ಪೊಲೀಸರ ಕಣ್ಣು ತಪ್ಪಿಸಿ ಅವನ ಸೊಂಟದಲ್ಲೇ ಉಳಿದಿತ್ತು.

ಹರಾಜು ಕೂಗುವ ಗುಮಾಸ್ತ ಅಣ್ಣಯ್ಯನವರಿಗೆ ಬುದ್ಧಿ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. "ಈ ಜೂಜ್ ಬಿಡ್ ಮರಾಯ. ಸರ್ಕಾರ ಬೇಡ ಅಂದದ್ದ್ ನಿಂಗೆಂತಕೆ?"

"ನಿಮ್ ಕಿಸೆಲಿ ಇಣುಕ್ತಾ ಇಪ್ಪುದ್ ಎಂತದ್ದ್ ಅಣ್ಣಯ್ಯನೋರೆ?"

ಅಣ್ಣಯ್ಯನವರು ಕಿಸೆಗೆ ಕೈ ಅಡ್ಡ ಹಿಡಿದರು. ಸರ್ಕಾರವೇ ಲಾಟರಿ ಶುರುಮಾಡಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಷ್ಟರಲ್ಲಿ ಕೋರ್ಟಿನ ಅರ್ಧ ಜನರ ಕಿಸೆಯಲ್ಲಿ ಅದರ ಟಿಕೇಟು. "ಇದ್ ಸರ್ಕಾರದ್ದ್. ಇದಕ್ಕೆ ಪರವಾನಗಿ ಇತ್ತ್."

"ಹಾಂಗಾರೆ ಕೋಳಿಪಡೆನೂ ಸರ್ಕಾರವೇ ಮಾಡ್ಲಿ. ಮೊದಲ್ನೇ ಟಿಕೇಟ್ ನಾನೇ ತಕಂತೆ."

ಸುತ್ತಲಿದ್ದವರೆಲ್ಲ ನಕ್ಕರು. ಅಣ್ಣಯ್ಯನವರು ಮುಖ ಗಂಟಿಕ್ಕಿಕೊಂಡು, "ಎರಡು ರೂಪಾಯಿ ಒಂದು ಸಲ, ಎರಡು ರೂಪಾಯಿ ಎರಡು ಸಲ," ಎಂದು ಬೇಗಬೇಗನೆ ಮುಗಿಸಹೊರಟರು.

"ಮೂರ್ ರೂಪಾಯಿ."

ಹಿಂದಿನಿಂದ ಬಂದದ್ದು ಹೆಂಗಸಿನ ದನಿ. ಕುಷ್ಟ ತಿರುಗಿ ನೋಡಿದರೆ ತನ್ನ ಹೆಂಡತಿ ವನಜ! ಕಮಾನು ಮುರಿದ ಕೊಡೆ ಹಿಡಿದು ಬಿಸಿಲಲ್ಲಿ ನಿಂತಿದ್ದಳು. ಪಾಪ, ಹುಂಜ ಕೈತಪ್ಪೀತೆಂದು ಹೆದರಿ ಇಷ್ಟು ದೂರ ಬಂದಿದ್ದಾಳೆ, ಕೋರ್ಟಿನ ರೀತಿ ರಿವಾಜು ಇವಳಿಗೇನು ಗೊತ್ತು. ಅವನು ಹತ್ತಿರ ಹೋಗಿ ಮೆಲ್ಲಗೆ, "ಕೂಗ್ತಾ ಇಪ್ಪುದ್ ನಾನೇ ಮರಾಯ್ತಿ. ನೀ ಸುಮ್ನಿರ್," ಎಂದ.

"ಕಂಡೆ. ಅದ್ಕೇ ನಾನೂ ಕೂಗುದ್," ಅಂದಳು ವನಜ.

ಆಗ ಕುಷ್ಟನಿಗೆ ಸಂಗತಿ ತಲೆಗೆ ಹೋಯಿತು. ಈ ಹುಂಜವನ್ನು ಮರಿಯಿಂದ ಸಾಕಿದವಳು ಅವಳು. ನೆಂಟರಿಗೆ ತೋರಿಸಿ ತರುತ್ತೇನೆಂದು ಬುರುಡೆ ಬಿಟ್ಟು ಪಡೆಗೆ ಒಯ್ದವನು ಇವನು. ಹೋದ ವರ್ಷದ ಹುಂಜ ಪಡೆಯಲ್ಲಿ ಸೋತು ಗೆದ್ದವನ ಮನೆಯ ಸಾರಾದಾಗ ವನಜ ಎರಡು ದಿನ ಒಲೆ ಹಚ್ಚಿರಲಿಲ್ಲ. ಆದರೇನು, ಇಷ್ಟು ಜನರೆದುರು ಹೆಂಡತಿಗೆ ಸೋಲುವುದುಂಟೇ? "ನಾಲ್ಕ್," ಎಂದ. "ಐದ್," ಅಂದಳು. "ಆರ್" ಬಂತು, "ಏಳ್" ಬಂತು. ಜನ ಮರದ ಕಟ್ಟೆ ಹತ್ತಿ ನಿಂತರು. ಯಾವ ಪಡೆಯಲ್ಲೂ ಇಂಥ ಜೋಡಿ ಅವರು ಕಂಡಿರಲಿಲ್ಲ. ಕುಷ್ಟ ಸೊಂಟದ ಗಂಟನ್ನೆಲ್ಲ ತಡಕಿ, "ಎಂಟ್," ಎಂದ. ಅಲ್ಲಿಗೆ ಅವನ ಗಂಟು ಖಾಲಿ.

"ಒಂಬತ್ತ್," ಅಂದಳು ವನಜ. ಅಣ್ಣಯ್ಯನವರು ಸಂತೋಷದಿಂದ ಮೂರು ಸಲ ಕೂಗಿ, ಮೊಹರು ಒತ್ತಿದ ರಶೀದಿಯನ್ನು ಅವಳ ಕೈಗಿಟ್ಟರು.

ಮನೆಗೆ ಹೋಗುವಾಗ ಹೊಳೆ ದಾಟಬೇಕಲ್ಲ. ದೋಣಿಯಲ್ಲಿ ಇಬ್ಬರೇ. ಹುಂಜ ವನಜಳ ಮಡಿಲಲ್ಲಿ ಕಣ್ಣು ಮುಚ್ಚಿ ಕೂತಿತ್ತು. ನಡುಹೊಳೆಯವರೆಗೆ ಮುಖ ಊದಿಸಿಕೊಂಡು ಹುಟ್ಟು ಹಾಕಿದ ಕುಷ್ಟ ಕಡೆಗೂ ತಡೆಯಲಾರದೆ ಕೇಳಿದ: "ದುಡ್ಡ್ ಎಲ್ಲಿಂದ್ ಬಂತ್?"

"ಪಡೆಲಿ ಗೆದ್ದದ್ದನ್ನ್ ಮಾಡಿನ ಹಂಚಿನ ಸಂದಿಲಿ ಹುಗ್ಸಿ ಇಟ್ಟಿದ್ರಿ ಅಲ್ದಾ? ಅದೇ."

ಕುಷ್ಟನ ಹುಟ್ಟು ನಿಂತಿತು. ಅಷ್ಟು ಹೊತ್ತು ತನ್ನ ಮೇಲೆ ಕೂಗಿದ್ದು ತನ್ನದೇ ದುಡ್ಡು! ಸಿಟ್ಟು ಬರಬೇಕಿತ್ತು, ನಗು ಬಂತು. ದೋಣಿ ಓಲಾಡುವಷ್ಟು ನಕ್ಕ. ವನಜಳಿಗೂ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದುಕೊಂಡಳು. ಇದೇ ಸಮಯವೆಂದು ಕುಷ್ಟ ದನಿಗೆ ಬೆಲ್ಲ ಸವರಿದ. "ಆಯ್ತ್, ನೀನೇ ಗೆದ್ದೆ. ಆದಿತ್ಯವಾರ ಒಂದ್ ದಿನ ಕೊಡ್. ಬಸ್ರೂರಿನ ಪಡೆ ಒಂದೇ."

ವನಜಳ ನಗು ನಿಂತಿತು. ಅವಳು ರಶೀದಿ ಬಿಡಿಸಿ ಹುಂಜದ ಬೆನ್ನಿನ ಮೇಲಿಟ್ಟಳು. "ನಿನ್ನೆವರಿಗೆ ಇದ್ ಮನೆ ಹುಂಜ. ಇವತ್ತಿಂದ ನನ್ ಹುಂಜ. ಜೂಜ್ ಸರ್ಕಾರ ಬಿಡತ್ತೊ ಇಲ್ಯೊ, ಅದ್ ನಂಗ್ ಗೊತ್ತಿಲ್ಲೆ. ಕಳ್ಳತನಕ್ಕಂತೂ ಬಿಡುದಿಲ್ಲೆ. ಇದನ್ನ್ ಮುಟ್ಟಿರೆ ಸ್ಟೇಷನ್ನಿಗೆ ಹೋಪವಳೇ ನಾನ್."

ಮಾತು ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿತ್ತು. ಕುಷ್ಟ ಆ ಕಣ್ಣು ನೋಡಿದ, ಹುಂಜವನ್ನು ನೋಡಿದ. ಆಮೇಲೆ ಸೊಂಟಕ್ಕೆ ಕೈಹಾಕಿ ಬಾಳು ತೆಗೆದು, ಹಿಡಿ ಅವಳ ಕಡೆ ಮಾಡಿ ಚಾಚಿದ.

"ತಕೊ. ಬಂಗ್ಡೆ ಸೀಳುಕೆ ಆತ್ತ್."