ಒಂದೇ ಮನೆಯ ಓಣಿ

ಮನೆಯ ಕಡತದಲ್ಲಿ ‘ಹಾಳವ್ವ’ ಎಂದು ಬಿದ್ದಿದ್ದ ತನ್ನ ಹೆಸರನ್ನು ಸರಿಮಾಡಿಸಲು ಹಾಲವ್ವ ಪುರಸಭೆಗೆ ಬಂದಿದ್ದಳು. ಗುಮಾಸ್ತೆ ನೀಲಗಂಗಾ ಕಂಪ್ಯೂಟರಿನಲ್ಲಿ ಕಡತ ತೆರೆದು ‘ಳ’ ಅಳಿಸಿ ‘ಲ’ ಒತ್ತುವಷ್ಟರಲ್ಲಿ, ರಾಜಧಾನಿಯಲ್ಲಿ ಯಾರೋ ಇಡೀ ಓಣಿಯ ಫೋಲ್ಡರಿನ ಹೆಸರು ಬದಲಿಸಿಬಿಟ್ಟರು.

“ಕುಂಬಾರ ಓಣಿ ಅಭ್ಯುದಯ ನಗರ ಆತು ನೋಡ್ರಿ ಯವ್ವಾ. ಮನಿ ಎಲ್ಲಾ ಊರಾಚೆ ಹೋದ್ವು. ನಿಮ್ಮ ಕಡತ ತೆರದಿತ್ತಲ್ಲ, ನಿಮ್ಮ ಮನಿ ಒಂದು ಉಳೀತು.”

ಹೋದ ವರ್ಷ ಬಳೆಗಾರ ಓಣಿಯೂ ಹೀಗೇ, ಕಂಪ್ಯೂಟರಿನಲ್ಲಿ ಹೆಸರು ಬದಲಾದೊಡನೆ ಮನೆಮಾರು ಸಮೇತ ಎದ್ದು ಹೋಗಿತ್ತು.

“ನನ್ನ ಹಿತ್ತಲದಾಗಿನ ಆವಿಗಿ?” ಓಣಿಯವರೆಲ್ಲ ಗಡಿಗೆ ಸುಡುತ್ತಿದ್ದುದು ಅದರಲ್ಲೇ.

“ಹೊಸಾ ಹೆಸರಿಗೆ ಹೋದ್ರ ನೆರೆಯವರು ಸಿಗ್ತಾರ, ಆದ್ರ ನಗರದಾಗ ಆವಿಗಿ ಇರಂಗಿಲ್ಲ. ಇಲ್ಲೇ ಉಳಿಸಿದ್ರ ಹಳೇ ಓಣಿ ಮತ್ತ ಹುಟ್ಟತೈತಿ, ಒಂದ ಮನಿ ಇಟಗೊಂಡು.”

“ಇಲ್ಲೇ ಉಳಸ ತಂಗಿ. ಓಣಿ ಹಾಳ ಬೀಳಾಕ ನಾ ಏನು ಈಗ ಹಾಳವ್ವ ಅಲ್ಲಲ್ಲ.”

ನೀಲಗಂಗಾ ಗುಂಡಿ ಒತ್ತಿದಳು. ಹಾಲವ್ವ ಮನೆಗೆ ಹೋಗಿ ಆವಿಗೆಗೆ ಸೆಗಣಿ ಕುಳ್ಳು ಒಟ್ಟಿ ಕುಳಿತಳು.

ಬಿಸಿಲು ಇಳಿಯುವ ಹೊತ್ತಿಗೆ ಅಭ್ಯುದಯ ನಗರದ ಹೆಂಗಸರು ಹಸಿ ಗಡಿಗೆ ಹೊತ್ತು ಸಾಲಾಗಿ ಬಂದರು. ಎಲ್ಲಿಗೆ ಹೊರಟಿರೆಂದು ದಾರಿಯಲ್ಲಿ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ್ದರು:

“ನಮ್ಮ ಓಣಿಗೆ.”