ಹಳೇ ಮಾತು

ಕಂಬದಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಲೈನ್‌ಮನ್ ಶಿವಲಿಂಗಪ್ಪನಿಗೆ ಹಿಂದಿನದೇನೂ ನೆನಪಿರಲಿಲ್ಲ. ಹೆಂಡತಿ ನೀಲವ್ವನ ಗುರುತೂ ಹತ್ತಲಿಲ್ಲ. ಯಾರೋ ಹೇಳಿದರೆಂದು ಅವಳು ದಿನಾ ಬೆಳಿಗ್ಗೆ ಒಂದೆಲಗದ ರಸ ಹಿಂಡಿ ಕುಡಿಸತೊಡಗಿದಳು.

"ಇದರಿಂದ ನೆನಪು ಬರ್ತದ ಅಂತ ನಾ ಹೇಳಂಗಿಲ್ಲ," ಎಂದರು ಡಾಕ್ಟರು. "ಕುಡಿಸ್ರಿ, ಆದ್ರ ಗುಳಿಗಿ ಮಾತ್ರ ನಿಲ್ಲಿಸಬ್ಯಾಡ್ರಿ. ಅದರ ಜೋಡಿಗೆ ಹಳೇ ಮಾತು ಹೇಳ್ರಿ."

ಹಳೇ ಮಾತೆಂದರೆ ನೀಲವ್ವನ ಬಳಿ ಏನೂ ಇರಲಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡ ಒಂಬತ್ತು ವರ್ಷದಿಂದ ಅವಳೊಂದಿಗೆ ಮಾತು ಬಿಟ್ಟಿದ್ದ. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದ. ಅಡುಗೆಮನೆಯಲ್ಲಿ ಅವಳು ತನ್ನೊಂದಿಗೆ ತಾನೇ ಮಾತಾಡಿಕೊಳ್ಳುತ್ತಿದ್ದಳು. ಅದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. ಬೇರೆಯೇ ಒಂದು ಸಂಸಾರವನ್ನು ಕಟ್ಟಿ ಹೇಳಿದಳು. ರಸ ಕುಡಿದು ಅವನು ಕೇಳುತ್ತಾ ಕೂರುತ್ತಿದ್ದ. ಹೀಗೇ ಐದು ತಿಂಗಳು ಕಳೆಯಿತು.

ಒಂದು ದಿನ ಅವಳು ಹೇಳಿದಳು: "ಗೋಕಾಕ ಫಾಲ್ಸ್ ನೋಡಾಕ ಹೋಗಿದ್ವಿ. ನನ್ನ ಕಾಲಿಗೆ ಮುಳ್ಳು ಚುಚ್ಚಿತ್ತು. ನೀವು ನಡುರಸ್ತೇದಾಗ ಕುಂತು ತೆಗೆದ್ರಿ. ಮಂದಿ ನಕ್ಕರೂ ಬಿಡಲಿಲ್ಲ."

"ಆಮ್ಯಾಲೆ?"

"ಆಮ್ಯಾಲೆ ಕೈತುಂಬ ಬಳಿ ಇಡಿಸಿದ್ರಿ. ಹಸರು ಬಳಿ." ಮುಂದೇನು ಹೇಳಬೇಕೋ ಅವಳಿಗೆ ಹೊಳೆಯಲಿಲ್ಲ. "ಸಾಕ್ರಿ ಇವತ್ತಿಗೆ. ಎಷ್ಟು ಹೇಳಿದ್ರೂ ನಿಮಗೇನೂ ನೆನಪಾಗವಲ್ದು."

ಅವನು ರಸದ ಲೋಟ ಕೆಳಗಿಟ್ಟ.

"ಹೋದ ತಿಂಗಳೇ ಎಲ್ಲಾ ನೆನಪಾಗೇತಿ, ನೀಲಾ," ಎಂದ. "ನೀ ಹೇಳೋದರಾಗ ಒಂದೂ ನಾ ಮಾಡಿಲ್ಲ. ಆದ್ರೂ ಹೇಳು."