ಒಂದು ಗಂಟೆ ಮುಂದೆ

"ಮಗಳನ್ನ ಎಲ್ಲಿ ಬಚ್ಚಿಟ್ಟಿದ್ದೀಯ? ಗಂಟೆಯಿಂದ ಕಾದು ಕೂತಿದ್ದೀನಿ!" ಫೋನಿನ ಪರದೆಯಲ್ಲಿ ಮಾಜಿ ಹೆಂಡತಿಯ ಮುಖ ಮೂಡಿದ್ದೇ ತಡ, ಬೇರೆ ದೇಶದಲ್ಲಿದ್ದ ಅವನು ಉರಿದುಬಿದ್ದ. ವಾರಕ್ಕೊಮ್ಮೆ ಮಗಳೊಡನೆ ಮಾತಾಡಲು ಕೋರ್ಟು ಕೊಟ್ಟ ಹೊತ್ತು ಅದು.

"ನಿಮ್ಮೂರಲ್ಲಿ ನಿನ್ನೆ ಬೇಸಿಗೆ ಲೆಕ್ಕಕ್ಕೆ ಎಲ್ಲರ ಗಡಿಯಾರ ಒಂದು ಗಂಟೆ ಮುಂದೆ ಹಾಕಿದ್ರಲ್ಲ," ಎಂದಳು ಅವಳು, ಮಗಳ ಸ್ವೆಟರ್ ಮಡಿಸುತ್ತಲೇ. "ನಿನ್ನ ಫೋನಿನ ಕ್ಯಾಲೆಂಡರ್ ಎಡವಟ್ಟಾಗಿರಬೇಕು."

"ನನಗೇ ಹೇಳಿಕೊಡ್ತೀಯಾ? ಎರಡು ಊರಿನ ಕ್ಯಾಲೆಂಡರ್ ಹೊಂದಿಸೋ ಪ್ರೋಗ್ರಾಂ ಬರೆದೇ ನಾನು ಹೊಟ್ಟೆ ಹೊರೀತಿರೋದು. ಗಡಿಯಾರ ಎಷ್ಟು ಕುಣಿದರೂ ನಮ್ಮ ಕರೆಯ ಹೊತ್ತು ಒಂದು ನಿಮಿಷವೂ ಕದಲಲ್ಲ. ಸುಳ್ಳು ಹೇಳೋಕೂ ಯೋಗ್ಯತೆ ಬೇಕು!"

ಅವಳ ಕೈ ನಿಂತಿತು. ಸಿಕ್ಕಿಬಿದ್ದಳು ಎಂದು ಅವನು ಹಿಗ್ಗಿದ. ಅವಳು ಬಾಗಿಲ ಕಡೆ ತಿರುಗಿ, "ನೀನೇ ಹೇಳಮ್ಮ," ಎಂದಳು.

"ನಿನ್ನ ಪ್ರೋಗ್ರಾಂ ಸರಿಯಾಗೇ ಇದೆ, ಅಪ್ಪಾ," ಎಂದಿತು ಬಾಗಿಲಾಚೆಯ ದನಿ. "ನಾನೇ ಬರಲ್ಲ ಅಂದೆ."